ಏಕಾಂತಮ್ಮನ ಬಾಯಿ

ನಾನು ಮುಖವಿಲ್ಲದವರ ಚಿತ್ರ ಬರೆದು ಹೊಟ್ಟೆ ಹೊರೆಯುವವನು. ಹೆದರಬೇಡಿ, ದೆವ್ವಗಳಲ್ಲ. ತಲೆಗೂದಲು, ಕಿವಿ, ಓಲೆ, ಹಣೆಯ ಕುಂಕುಮ, ಕನ್ನಡಕ, ಮೀಸೆ ಎಲ್ಲ ಇರುತ್ತವೆ. ಕಣ್ಣು, ಮೂಗು, ಬಾಯಿ ಮಾತ್ರ ಇರುವುದಿಲ್ಲ. ಬಾಯಿಯೇ ಇಲ್ಲದ ಮೇಲೆ ಮೀಸೆ ಯಾಕೆ ಅಂತ ನೀವು ಕೇಳಬಹುದು. ಮೀಸೆ ಬಿಟ್ಟರೆ ಗಂಡಸರು ಸಿಟ್ಟಾಗುತ್ತಾರೆ, ಅದಕ್ಕೆ. ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬಿತು, ಮೇಷ್ಟ್ರು ರಿಟೈರಾದರು, ಮಗು ಹುಟ್ಟಿತು ಅಂತ ಜನ ಈಗ ಇಂಥ ಕಾರ್ಟೂನು ಮಾಡಿಸಿ ಫ್ರೇಮು ಹಾಕಿಸಿ ಕೊಡುತ್ತಾರೆ. ಫೋನಿನಲ್ಲಿ ಫೋಟೋ ಕಳಿಸಿದರೆ ಸಾಕು, ಎರಡು ದಿನದಲ್ಲಿ ರೆಡಿ. ಚಿತ್ರದುರ್ಗದ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ, ಕಬ್ಬಿನ ಹಾಲಿನ ಅಂಗಡಿಗೂ ಮೊಬೈಲ್ ರಿಪೇರಿ ಅಂಗಡಿಗೂ ನಡುವೆ ಸಿಕ್ಕಿಹಾಕಿಕೊಂಡಿರುವುದೇ ನನ್ನ ಅಂಗಡಿ. ಹಿಂದುಗಡೆ ಒಂದು ಕೋಣೆ ಇದೆ. ಅದರಲ್ಲಿ ಮಲಗುತ್ತೇನೆ.

ಮುಖ ಬರೆಯಲು ಬರದೆ ಬಿಟ್ಟವನಲ್ಲ ನಾನು. ದಾವಣಗೆರೆಯಲ್ಲಿ ಐದು ವರ್ಷ ಚಿತ್ರಕಲೆ ಕಲಿತಿದ್ದೇನೆ. ಮೊದಮೊದಲು ಮುಖವನ್ನೂ ಬರೆಯುತ್ತಿದ್ದೆ. ಒಂದು ಸಲ ಒಬ್ಬ ವಕೀಲರ ಮನೆಯವರ ಚಿತ್ರ ಬರೆದು ಕಳಿಸಿದೆ. ನನ್ನ ಮೂಗು ಇಷ್ಟು ದಪ್ಪ ಇಲ್ಲ ಅಂತ ಹೆಂಡತಿ ಫೋನ್ ಮಾಡಿದರು. ಮೂಗು ತೆಳ್ಳಗೆ ಮಾಡಿದೆ. ನನ್ನ ಕಣ್ಣು ಮೆಳ್ಳೆ ಆಗಿದೆ ಅಂತ ಅತ್ತೆ. ಸರಿ ಮಾಡಿದೆ. ನನ್ನ ಬಾಯಿ ಸೊಟ್ಟ ಅಂತ ವಕೀಲರು. ಬಾಯಿ ಸೊಟ್ಟಗಿದ್ದದ್ದು ನಿಜವೇ, ನಾನು ಕಂಡದ್ದನ್ನು ಬರೆದಿದ್ದೆ. ನಾಲ್ಕನೇ ಸಲ ಫೋನ್ ಬಂದಾಗ ತಲೆಕೆಟ್ಟು ಎಲ್ಲರ ಕಣ್ಣು ಮೂಗು ಬಾಯಿ ಅಳಿಸಿ, ಏನಾದರೂ ಮಾಡಿಕೊಳ್ಳಲಿ ಅಂತ ಹಾಗೇ ಕಳಿಸಿಬಿಟ್ಟೆ. ಹತ್ತು ನಿಮಿಷದಲ್ಲಿ ಉತ್ತರ ಬಂತು: ‘ಸೂಪರ್ ಸಾರ್, ಎಲ್ಲರೂ ಈಗ ಸೇಮ್ ಟು ಸೇಮ್ ಕಾಣ್ತಾ ಇದೀವಿ.’ ಅವತ್ತಿನಿಂದ ನಾನು ಯಾರ ಮುಖಕ್ಕೂ ಕೈ ಹಾಕಿಲ್ಲ.

ನನ್ನ ಹೆಂಡತಿ ಉಷಾರಾಣಿ ಹಿರಿಯೂರಿನ ತವರಿಗೆ ಹೋಗಿ ಒಂಬತ್ತು ವರ್ಷವಾಯಿತು. ಕೋರ್ಟಿನಲ್ಲಿ ಎಲ್ಲ ಮುಗಿದಿದೆ. ಜಗಳಗಂಟಿಯಲ್ಲ ಆಕೆ. ಹೋಗುವ ದಿನ ಬ್ಯಾಗಿನ ಜಿಪ್ ಎಳೆಯುತ್ತಾ, ‘ನಾನು ಮಾತಾಡೋವಾಗ ಒಂದಿನಾನಾದ್ರೂ ನನ್ನ ಮುಖ ನೋಡಿದ್ದೀರೇನ್ರಿ?’ ಅಂದಳು. ಆಗಲೂ ನಾನು ಕಂಪ್ಯೂಟರ್ ಕಡೆಗೇ ನೋಡುತ್ತಿದ್ದೆ ಅಂತ ಕಾಣುತ್ತದೆ. ಆಮೇಲೆ ಮೆಸ್ಸಿನ ಊಟ, ಇಲ್ಲದಿದ್ದರೆ ಮಂಡಕ್ಕಿ. ನನ್ನನ್ನು ಕಂಡು ಯಾರೂ ಅಯ್ಯೋ ಅನ್ನುವುದು ಬೇಡ. ಒಂಟಿತನ ಅಭ್ಯಾಸವಾಗುತ್ತದೆ ಅನ್ನುತ್ತಾರಲ್ಲ, ಅದು ಸುಳ್ಳು. ಆದರೆ ಅಭ್ಯಾಸವಾದವರ ಹಾಗೆ ಓಡಾಡುವುದು ಅಭ್ಯಾಸವಾಗುತ್ತದೆ.

ಇರಲಿ. ಹೇಳಬೇಕೆಂದಿದ್ದು ಅನುಸೂಯಮ್ಮನ ವಿಷಯ.

ಮಹಾಲಯ ಅಮಾವಾಸ್ಯೆಯ ಹಿಂದಿನ ದಿನ, ಶನಿವಾರ. ಮಧ್ಯಾಹ್ನ ಒಂದು ಗಂಟೆ ಇರಬಹುದು. ಐವತ್ತೈದರ ಆಸುಪಾಸಿನ ಹೆಂಗಸೊಬ್ಬರು ಟವೆಲಿನಲ್ಲಿ ಸುತ್ತಿದ ಏನನ್ನೋ ಎರಡೂ ಕೈಯಲ್ಲಿ ಎದೆಗವಚಿಕೊಂಡು ಬಂದರು. ಹೆಗಲಿಗೆ ಊಟದ ಡಬ್ಬಿಯ ಚೀಲ. ಅಂಗಡಿಯ ಗೋಡೆಗಳನ್ನೆಲ್ಲ ಒಂದು ಸುತ್ತು ನೋಡಿದರು. ಮಾದರಿಗೆ ಅಂತ ತೂಗುಹಾಕಿದ ನಲವತ್ತು ಫ್ರೇಮುಗಳಿವೆ ಅಲ್ಲಿ. ಒಬ್ಬರಿಗೂ ಮುಖವಿಲ್ಲ.

‘ಇವನ್ನೆಲ್ಲ ಬರ್ಯೋರು ನೀವೇ ಏನ್ರಿ?’

‘ಹೌದಮ್ಮ. ಕುಂತ್ಕಳ್ರಿ.’

ಅವರು ಕೂರಲಿಲ್ಲ. ಟವೆಲು ಬಿಚ್ಚಿ ಫ್ರೇಮನ್ನು ನನ್ನ ಮೇಜಿನ ಮೇಲಿಟ್ಟರು. ನನ್ನದೇ ಕೈಕೆಲಸ. ನೆನಪಾಯಿತು, ಹೋದ ವರ್ಷ ಹೊಸದುರ್ಗದಿಂದ ಕಿರಣ್‌ಕುಮಾರ್ ಅಂತ ಒಬ್ಬ ಹುಡುಗ ಫೋನಿನಲ್ಲೇ ಆರ್ಡರ್ ಕೊಟ್ಟಿದ್ದ. ಹಸಿರು ಸೀರೆಯ ಹೆಂಗಸು, ಕೊರಳಲ್ಲಿ ಅಳತೆಯ ಟೇಪು, ಮುಂದೆ ಹೊಲಿಗೆ ಮಿಷನ್ನು. ಮುಖ ಎಂದಿನಂತೆ ಬರೀ ಗೋಧಿ ಬಣ್ಣ.

‘ಇವಳು ನಮ್ಮಕ್ಕ, ಏಕಾಂತಮ್ಮ ಅಂತ. ಹೋಗಿ ಒಂದೂವರೆ ವರ್ಷ ಆತು. ಕಿರಣ ನಮ್ಮಣ್ಣನ ಮಗ, ಅವ್ನೇ ಮಾಡಿಸ್ಕೊಟ್ಟಿದ್ದು. ಬಾಯಿ ಹಾಕ್ಕೊಡ್ರಿ.’

‘ಏನು?’

‘ಬಾಯಿ ರೀ. ಇವಳಿಗೆ ಬಾಯಿಲ್ಲ.’

ಇಂಥವರು ಅಪರೂಪಕ್ಕೆ ಬರುತ್ತಾರೆ. ನಾನು ಎಂದಿನ ಪಾಠ ಒಪ್ಪಿಸಿದೆ. ಅಮ್ಮ, ಈ ಚಿತ್ರ ಇರುವುದೇ ಹೀಗೆ, ಇದೊಂದು ಶೈಲಿ, ಮುಖ ನಾವು ಮನಸ್ಸಿನಲ್ಲಿ ತುಂಬಿಕೊಳ್ಳಬೇಕು, ಇತ್ಯಾದಿ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಕೂತು, ಮಗುವಿಗೆ ಹೇಳುವ ಹಾಗೆ ನಿಧಾನವಾಗಿ ಹೇಳಿದರು.

‘ಹೋದ್ವರ್ಷ ಹಿರಿಯರ ಹಬ್ಬಕ್ಕೆ ಇದನ್ನೇ ಇಟ್ಟು ಎಡೆ ಹಾಕಿದ್ವಿ. ಹೊಸ ಸೀರೆ ಮಡಗಿ, ಎಲೆ ಹಾಕಿ, ಅವಳಿಗೆ ಮೆಣಸಿನಕಾಯಿ ಬಜ್ಜಿ ಅಂದ್ರೆ ಪ್ರಾಣ, ಅದನ್ನೂ ಮಾಡಿ, ಹೋಳಿಗೆ ಮಾಡಿ, ಎಲ್ಲಾ ಇಟ್ಟೆ. ಮಾಳಿಗೆ ಮೇಲೆ ಒಂದು ಪಾಲು ಇಟ್ಟು ಕಾಗೆ ಕರದೆ. ಎಲ್ರ ಮನೆ ಮೇಲೂ ಕಾಗೆ. ನಮ್ಮನೆ ಎಡೆ ಮುಟ್ಲೇ ಇಲ್ಲ. ಸಾಯಂಕಾಲದ ತಂಕ ಕಾದೆ. ಆಮೇಲೆ ಕೆಳಗಿಳಿದು ಬಂದು ಇದರ ಮುಂದೆ ಕುಂತೆ. ಆವಾಗ ಕಂಡಿದ್ದು. ಉಂಬಾಕೆ ಬಾಯೇ ಇಲ್ಲ ಅವಳಿಗೆ. ಎಲ್ಲಾ ಮುಂದಿಟ್ಟು, ಬಾಯಿ ಇಲ್ದಂಗೆ ಮಾಡಿ ಕುಂದ್ರಿಸಿದೀವಿ. ಹಸ್ಕಂಡು ಹೋಗಿದಾಳೆ ರೀ ನಮ್ಮಕ್ಕ.’

ನನಗೆ ನಗು ಬರಬೇಕಿತ್ತು. ಬರಲಿಲ್ಲ. ಆಕೆ ಹೊಳಲ್ಕೆರೆಯ ಒಂದು ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವವರು. ದಿನಾ ನೂರಾ ನಲವತ್ತು ಮಕ್ಕಳಿಗೆ ಬಡಿಸುವ ಕೈ. ಶನಿವಾರ ಬೆಳಗಿನ ಶಾಲೆ, ಮಕ್ಕಳಿಗೆ ಉಪ್ಪಿಟ್ಟು ಬಡಿಸಿ ಪಾತ್ರೆ ತೊಳೆದು ಬಸ್ಸು ಹತ್ತಿದ್ದರು. ಅಷ್ಟು ಜನಕ್ಕೆ ಬಡಿಸುವವರು ಒಂದು ವರ್ಷದಿಂದ ಒಬ್ಬಳೇ ಒಬ್ಬಳು ಹಸಿದು ಹೋದಳು ಅಂತ ಸಂಕಟಪಡುತ್ತಿದ್ದರು. ಹಸಿದದ್ದು ನನ್ನಿಂದ.

‘ಕಣ್ಣು ಬ್ಯಾಡ್ರಿ,’ ಅಂದರು, ನಾನು ಯೋಚಿಸುತ್ತಿರುವುದು ಬೇರೇನೋ ಅಂದುಕೊಂಡು. ‘ಉಂಬಾಕೆ ಕಣ್ಣೇನು ಬೇಕಾಗಿಲ್ಲ. ಮೂಗೂ ಬ್ಯಾಡ. ನಿಮ್ದು ಏನು ಪದ್ಧತಿ ಐತೋ ಹಂಗೇ ಇರ್ಲಿ. ಬಾಯಿ ಒಂದು ಹಾಕ್ರಿ, ಸಾಕು. ನಾಳೆ ಬೆಳಿಗ್ಗೆ ಎಡೆ ಐತೆ.’

ಬರೀ ಬಾಯಿ ಇರುವ ಮುಖ ಹೇಗೆ ಕಾಣುತ್ತದೆ ಅಂತ ಯೋಚಿಸಿ ನನಗೆ ಮೈ ಜುಮ್ಮೆಂದಿತು. ಆದರೂ, ‘ಆಯ್ತು. ಅವರ ಒಂದು ಫೋಟೋ ಕೊಡ್ರಿ,’ ಅಂದೆ.

ಅಲ್ಲೇ ಇದ್ದದ್ದು ತೊಡಕು. ಚೀಲದಿಂದ ಒಂದು ಹಳೆಯ ಪ್ಲಾಸ್ಟಿಕ್ ಕವರು ತೆಗೆದರು. ಅದರಲ್ಲಿ ಎಂಟು ಫೋಟೋ, ಒಂದು ಆಧಾರ್ ಕಾರ್ಡು. ಮದುವೆಯಲ್ಲಿ ಗುಂಪಿನಲ್ಲಿ ನಿಂತದ್ದು, ಮಗುವಿನ ನಾಮಕರಣದಲ್ಲಿ ತೊಟ್ಟಿಲ ಪಕ್ಕ, ಕೋಟೆಯ ಬಾಗಿಲಲ್ಲಿ ನೆಂಟರ ಜೊತೆ. ಎಂಟರಲ್ಲೂ ಏಕಾಂತಮ್ಮ ಸೆರಗಿನ ತುದಿಯನ್ನು ಬಾಯಿಗೆ ಅಡ್ಡ ಹಿಡಿದಿದ್ದರು. ಆಧಾರ್ ಕಾರ್ಡಿನಲ್ಲಿ ಮಾತ್ರ ಸೆರಗಿರಲಿಲ್ಲ. ಅದರಲ್ಲಿ ತುಟಿಗಳನ್ನು ಎಷ್ಟು ಗಟ್ಟಿಯಾಗಿ ಒಳಗೆಳೆದುಕೊಂಡಿದ್ದರೆಂದರೆ ಬಾಯಿ ಇದ್ದ ಜಾಗದಲ್ಲಿ ಒಂದು ಗೆರೆ.

‘ಹಿರಿಯೂರು ಕಡೆ ನಮ್ಮೂರು. ಬೋರ್‌ವೆಲ್ ನೀರು ಕುಡ್ದು ನಮಗೆಲ್ಲಾ ಹಲ್ಲು ಕಂದಾಗಿದ್ವು. ನನ್ನ ಹಲ್ಲೂ ಹಂಗೇ, ನೋಡ್ರಿ. ನಾನು ತಲೆ ಕೆಡಿಸ್ಕಂಬಲ್ಲ. ಅವಳನ್ನ ನೋಡಾಕೆ ಬಂದ ಗಂಡಿನೋರು ಯಾರೋ ಏನೋ ಅಂದ್ರಂತೆ. ಅವತ್ತಿಂದ ಸೆರಗು ಅಡ್ಡ ಬಂತು. ಮದ್ವೆನೂ ಆಗ್ಲಿಲ್ಲ.’

ನನಗೆ ಆಗ ಹೊಳೆದದ್ದೇ ಬೇರೆ. ಕಿರಣ್ ಕಳಿಸಿದ ಫೋಟೋದಲ್ಲೂ ಕೈ ಬಾಯಿಯ ಮೇಲೇ ಇತ್ತು. ಮುಖ ಬರೆಯುವುದಿಲ್ಲವಲ್ಲ, ಮುಚ್ಚಲು ಏನಿದೆ ಅಂತ ನಾನು ಆ ಕೈಯನ್ನು ಕೆಳಗಿಳಿಸಿ ಮಿಷನ್ನಿನ ಮೇಲೆ ಇಟ್ಟುಬಿಟ್ಟಿದ್ದೆ. ಜೀವಮಾನವಿಡೀ ಆಕೆ ಅಡ್ಡ ಹಿಡಿದಿದ್ದ ಕೈಯನ್ನು ಸಲೀಸಾಗಿ ತೆಗೆದಿದ್ದೆ. ತೆಗೆದರೆ ಅಡಿಯಲ್ಲಿ ಏನೂ ಇರಲಿಲ್ಲ.

‘ನೀವೇ ಹೇಳ್ರಿ ಹಂಗಾದ್ರೆ,’ ಅಂದೆ. ‘ಹೆಂಗಿತ್ತು ಬಾಯಿ?’

‘ಚೆನ್ನಾಗಿತ್ತು.’

‘ಚೆನ್ನಾಗಿತ್ತು ಅಂದ್ರೆ ನನಗೆ ಬರ್ಯಾಕಾಗಲ್ಲ. ದಪ್ಪ ತುಟಿಯೋ, ತೆಳುವೋ? ನಿಮ್ಮ ಥರಾನೇ?’

‘ಅಯ್ಯೋ ನನ್ನ ಥರ ಎಲ್ಲಿ ಬಂತು! ಅವಳು ನಮ್ಮಪ್ಪನ ಕಡೆ, ಬೆಳ್ಳಗೆ. ನಾನು ಅವ್ವನ ಕಡೆ. ಅಕ್ಕತಂಗೇರು ಅಂದ್ರೆ ಯಾರೂ ನಂಬ್ತಿರ್ಲಿಲ್ಲ.’

ಬರೆಯತೊಡಗಿದೆ. ನನ್ನದು ಕಂಪ್ಯೂಟರಿನಲ್ಲಿ ಬರೆಯುವ ಕೆಲಸ. ಹಲಗೆಯಂಥ ಒಂದು ಸಾಧನದ ಮೇಲೆ ಪೆನ್ನು ಓಡಿಸಿದರೆ ಪರದೆಯ ಮೇಲೆ ಮೂಡುತ್ತದೆ. ಆಕೆ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತು ಪರದೆಯನ್ನೇ ನೋಡಿದರು. ಮೊದಲ ಬಾಯಿ ಬರೆದೆ.

‘ಇದು ಟಿ.ವಿ.ಯಾಗೆ ವಾರ್ತೆ ಓದೋಳ ಬಾಯಿ.’

ಎರಡನೆಯದು. ‘ಇದು ನಮ್ಮ ಹೆಡ್‌ಮೇಷ್ಟ್ರ ಹೆಂಡ್ತೀದು. ಬರೇ ಚಾಡಿ.’

ಮೂರನೆಯದಕ್ಕೆ, ‘ಅತ್ತು ಮುಗಿಸಿದಂಗೈತೆ,’ ಅಂದರು. ನಾಲ್ಕನೆಯದು ಕಳ್ಳಿಯ ಬಾಯಿ. ಐದನೆಯದನ್ನು ಬಹಳ ಹೊತ್ತು ನೋಡಿ, ಇದು ಬಾಗೂರಿನ ನಮ್ಮ ಸೋದರತ್ತೆಯದು, ಅವರು ತೀರಿಕೊಂಡು ಇಪ್ಪತ್ತು ವರ್ಷ ಆಯಿತು, ನಿಮಗೆ ಹೇಗೆ ಗೊತ್ತಾಯಿತು ಅಂತ ಕೇಳಿದರು. ನನಗೆ ನಿಜವಾಗಲೂ ನಗು ಬಂತು. ಅವರೂ ನಕ್ಕರು. ಹತ್ತು, ಹನ್ನೊಂದು, ಹನ್ನೆರಡು. ಯಾವುದು ಅಲ್ಲ ಅನ್ನುವುದು ಅವರಿಗೆ ತಕ್ಷಣ ಗೊತ್ತಾಗುತ್ತಿತ್ತು. ಯಾವುದು ಹೌದು ಅನ್ನುವುದನ್ನು ಮಾತ್ರ ಹೇಳಲಾಗುತ್ತಿರಲಿಲ್ಲ. ಹದಿನಾರೋ ಹದಿನೇಳೋ ಆದಾಗ ಅವರು ಪರದೆ ನೋಡುವುದನ್ನು ನಿಲ್ಲಿಸಿ ತಮ್ಮ ಕೈಗಳನ್ನು ನೋಡುತ್ತಾ ಕೂತರು.

‘ಮೂವತ್ತು ವರ್ಷ ರೀ. ನನ್ನ ಗಂಡ ಹೋದ್ಮೇಲೆ ನಾವಿಬ್ರೇ. ಎರಡು ಹೊತ್ತೂ ಎದುರುಬದುರು ಕುಂತು ಉಂಡೀವಿ. ಲೋಕದೋರ ಮುಂದೆಲ್ಲಾ ಮುಚ್ಕಂಡಿದ್ಲು, ನನ್ನ ಮುಂದೆ ಮಾತ್ರ ಸೆರಗು ತೆಗೀತಿದ್ಲು. ಆ ಬಾಯಿ ನೋಡಿರೋದು ನಾನೊಬ್ಳೇ. ನನಗೇ ನೆಪ್ಪಾಗಲಿಲ್ಲ ಅಂದ್ರೆ ಇನ್ನು ಅದು ಎಲ್ಲೂ ಇಲ್ಲ ಅಲ್ವೇನ್ರಿ?’

ಅತ್ತರು. ಸದ್ದಿಲ್ಲದೆ, ಹೆಚ್ಚು ಹೊತ್ತೂ ಅಲ್ಲ. ಆಮೇಲೆ ಕಬ್ಬಿನ ಹಾಲಿನ ಅಂಗಡಿಯ ನಲ್ಲಿಯಲ್ಲಿ ಮುಖ ತೊಳೆಯಲು ಎದ್ದು ಹೋದರು.

ಆ ಎರಡು ನಿಮಿಷದಲ್ಲಿ ನಾನು ಮಾಡಬಾರದ ಕೆಲಸವೊಂದನ್ನು ಮಾಡಿದೆ. ಹೊಸ ಪುಟ ತೆರೆದು ಉಷಾರಾಣಿಯನ್ನು ಬರೆದೆ. ಗುಂಗುರು ಕೂದಲು, ಕಿವಿಯ ಹಿಂದಿನ ಮಚ್ಚೆ, ಕುತ್ತಿಗೆ ಸ್ವಲ್ಪ ಬಲಕ್ಕೆ ವಾಲುವುದು, ಎಲ್ಲ ಸರಸರನೆ ಬಂತು. ಬಾಯಿಯ ಹತ್ತಿರ ಪೆನ್ನು ನಿಂತಿತು. ಏಳು ವರ್ಷ ಜೊತೆಗಿದ್ದೆ. ಆಕೆ ನಕ್ಕಿದ್ದು ನೆನಪಿದೆ, ಬೈದಿದ್ದು ನೆನಪಿದೆ, ಮಾತುಗಳು ನೆನಪಿವೆ. ಅವೆಲ್ಲ ಹೊರಗೆ ಬಂದ ಬಾಯಿ ನೆನಪಿಲ್ಲ. ನನಗೆ ಎಷ್ಟು ನಾಚಿಕೆಯಾಯಿತೆಂದರೆ, ಪುಟ ಮುಚ್ಚುವಾಗ ಉಳಿಸಬೇಕೇ ಅಂತ ಕಂಪ್ಯೂಟರು ಕೇಳಿದ್ದಕ್ಕೆ ಬೇಡ ಅಂತ ಒತ್ತಿ ಎದ್ದು ನಿಂತೆ.

ಅನುಸೂಯಮ್ಮ ಮುಖ ಒರೆಸಿಕೊಂಡು ಬಂದರು. ‘ಎರಡೂವರೆ ಆತು. ನೀವು ಉಂಡಿಲ್ಲ, ನಾನೂ ಉಂಡಿಲ್ಲ. ಬರ್ರಿ,’ ಅಂದರು. ನನ್ನದು ಆಮೇಲೆ ಅಂದೆ. ಕೇಳಲಿಲ್ಲ. ಡಬ್ಬಿ ಬಿಚ್ಚಿ, ಮೇಜಿನ ಮೇಲಿದ್ದ ಬಣ್ಣದ ಕಾಗದಗಳನ್ನು ಅತ್ತ ಸರಿಸಿ, ಒಂದು ಹಾಳೆಯ ಮೇಲೆ ಎರಡು ಜೋಳದ ರೊಟ್ಟಿ, ಶೇಂಗಾ ಚಟ್ನಿ, ಹಸಿಮೆಣಸಿನಕಾಯಿ ನನ್ನ ಮುಂದಿಟ್ಟರು. ಬಡಿಸುವಾಗ ಆ ಕೈಗಳಿಗೆ ಯಾರ ಅನುಮತಿಯೂ ಬೇಕಿರಲಿಲ್ಲ.

ನಾನು ರೊಟ್ಟಿ ಮುರಿದು ಕೂತೆ. ಅವರು ತಿನ್ನುತ್ತಾ ಮಾತಾಡಿದರು.

‘ನಮ್ಮಕ್ಕ ರೊಟ್ಟಿ ಎಡಗಡೆಗೇ ಕಡೀತಿದ್ಲು. ಬಲಗಡೆ ದವಡೆ ಹಲ್ಲು ಎರಡು ಹೋಗಿದ್ವು, ನೋಡ್ರಿ, ಎಲ್ಲಾ ಎಡಗಡೆಗೇ ಅಗೀಬೇಕಿತ್ತು. ಬೇಗ ಉಣ್ಣೇ ಅಂತ ನಾನು ಬೈತಿದ್ದೆ.’

ನಾನು ತಲೆಯೆತ್ತಿದೆ. ಹೇಳುತ್ತಿದ್ದವರು ರೊಟ್ಟಿಯನ್ನು ಬಾಯಿಯ ಎಡಮೂಲೆಗೆ ತಳ್ಳಿ ಕಡಿದರು. ಎಡಗಡೆಯೇ ಅಗಿದರು. ಕೆಳತುಟಿ ಸ್ವಲ್ಪ ಒಳಗೆ ಹೋಗಿ ಎಡಕ್ಕೆ ಸರಿಯಿತು. ನುಂಗಿದ ಮೇಲೆ ತುಟಿ ಎರಡೂ ಒಂದು ಕ್ಷಣ ಕೂಡಿಕೊಂಡು ಬಲಮೂಲೆ ಇಷ್ಟೇ ಇಷ್ಟು ಮೇಲೆದ್ದಿತು, ಸಾಕು ಅನ್ನುವ ಹಾಗೂ ಇನ್ನೊಂದು ತುತ್ತು ಅನ್ನುವ ಹಾಗೂ.

‘ಅಕ್ಕ, ನಿಮಗೂ ಬಲಗಡೆ ಹಲ್ಲಿಲ್ವಾ?’

‘ನನಗೇನಾಗೈತೆ? ಬಣ್ಣ ಅಷ್ಟೇ ಹಂಗೆ. ಎಲ್ಲಾ ಗಟ್ಟಿಗವೆ. ಯಾಕೆ?’

‘ಏನಿಲ್ಲ, ಉಣ್ರಿ.’

ನಾನು ಎಡಗೈಯಲ್ಲಿ ರೊಟ್ಟಿ ಹಿಡಿದು ಬಲಗೈಯಲ್ಲಿ ಪೆನ್ನು ತೆಗೆದುಕೊಂಡೆ. ಎಷ್ಟೋ ವರ್ಷದ ಮೇಲೆ ಒಬ್ಬರ ಮುಖವನ್ನು ಕಣ್ಣು ತಪ್ಪಿಸದೆ ನೋಡಿದೆ. ಅವರು ತಿನ್ನುತ್ತಲೇ ಇದ್ದರು, ಶಾಲೆಯಲ್ಲಿ ಮಕ್ಕಳು ಮೊಟ್ಟೆಯ ಹಳದಿ ಮಾತ್ರ ಬಿಡುತ್ತವೆ ಅಂತಲೋ ಏನೋ ಹೇಳುತ್ತಿದ್ದರು. ಮೂವತ್ತು ವರ್ಷ ಎದುರು ಕೂತು ಉಂಡು ಅಕ್ಕನ ಹಾಗೇ ಅಗಿಯಲು ಕಲಿತುಬಿಟ್ಟಿದ್ದರು. ಅದು ಅವರಿಗೆ ಗೊತ್ತಿರಲಿಲ್ಲ. ತುಟಿ ಅಪ್ಪನದಿರಲಿ ಅವ್ವನದಿರಲಿ, ಉಣ್ಣುವ ಬಾಯಿ ಇಬ್ಬರದೂ ಒಂದೇ. ಐದು ನಿಮಿಷವೂ ಆಗಲಿಲ್ಲ. ನಾಲ್ಕು ಗೆರೆ, ಒಂದು ನೆರಳು.

‘ನೋಡ್ರಿ,’ ಅಂದೆ.

ಅವರು ನೋಡಿದರು. ಕೈಯಲ್ಲಿದ್ದ ತುತ್ತು ಹಾಗೇ ಹಾಳೆಗೆ ಇಳಿಯಿತು. ಸೆರಗೆಳೆದು ತಮ್ಮ ಬಾಯಿ ಮುಚ್ಚಿಕೊಂಡರು.

‘ಇವಳೇ,’ ಅಂದರು. ‘ಏಕಾಂತಿ.’ ಆಮೇಲೆ, ‘ಹೆಂಗೆ ಗೊತ್ತಾತು ರೀ ನಿಮಗೆ?’

ನಿಜ ಹೇಳಬಹುದಿತ್ತು. ಹೇಳಿದರೆ ಆ ಮುಖದಲ್ಲಿ ಆಗ ತಾನೇ ಬಂದದ್ದು ಹೋಗಿಬಿಡುತ್ತದೆ ಅಂತ ಭಯವಾಯಿತು. ‘ನೀವೇ ಹೇಳಿದ್ರಲ್ಲ, ಎಡಗಡೆ ಅಗೀತಿದ್ರು ಅಂತ,’ ಅಂದೆ.

ಪ್ರಿಂಟು ತೆಗೆದು ಹಳೆಯ ಫ್ರೇಮಿಗೇ ಹಾಕಿ ಕೊಟ್ಟೆ. ಹಸಿರು ಸೀರೆ, ಟೇಪು, ಮಿಷನ್ನು, ಕಣ್ಣಿಲ್ಲದ ಮೂಗಿಲ್ಲದ ಮುಖದಲ್ಲಿ ಒಂದು ಬಾಯಿ. ನಾನು ಹೆದರಿದ್ದಷ್ಟು ಕೆಟ್ಟದಾಗೇನೂ ಕಾಣಲಿಲ್ಲ. ಅವರು ದುಡ್ಡಿಗೆ ಕೈ ಹಾಕಿದರು, ನಾನು ಬೇಡವೇ ಬೇಡ ಅಂದೆ. ಹಾಗಾದರೆ ಇದು ರಾತ್ರಿಗಿರಲಿ ಅಂತ ಉಳಿದ ಒಂದು ರೊಟ್ಟಿಗೆ ಚಟ್ನಿ ಸವರಿ ಹಾಳೆಯಲ್ಲಿ ಸುತ್ತಿಟ್ಟರು. ಹೋಗುವಾಗ ನನ್ನ ನಂಬರು ಬರೆಸಿಕೊಂಡರು. ‘ನಾಳೆ ಕಾಗೆ ಬಂದ ತಕ್ಷಣ ಫೋನ್ ಮಾಡ್ತೀನಿ,’ ಅಂದರು. ಕಾಗೆ ಬಂದರೆ ಅನ್ನಲಿಲ್ಲ.

ಭಾನುವಾರ ಅಂಗಡಿ ತೆರೆಯುವ ಅಗತ್ಯವಿರಲಿಲ್ಲ. ತೆರೆದೆ. ಹಬ್ಬದ ದಿನ, ಕಬ್ಬಿನ ಹಾಲಿನವನೂ ಇಲ್ಲ, ಮೊಬೈಲಿನವನೂ ಇಲ್ಲ, ಎಲ್ಲರೂ ತಮ್ಮ ತಮ್ಮ ಹಿರಿಯರಿಗೆ ಬಡಿಸಲು ಊರಿಗೆ ಹೋಗಿದ್ದರು. ಮೆಸ್ಸಿಗೂ ಬೀಗ. ನಾನು ಎಡೆ ಇಡುವವನಲ್ಲ. ನಂಬುವವನೂ ಅಲ್ಲ. ಆದರೂ ಬೆಳಿಗ್ಗೆ ಹತ್ತರಿಂದ ಫೋನು ಮೇಜಿನ ಮೇಲೆ ಮೇಲ್ಮುಖವಾಗಿಟ್ಟುಕೊಂಡು ಕೂತೆ. ಎದುರಿನ ಲಾಡ್ಜಿನ ನೀರಿನ ಟ್ಯಾಂಕಿನ ಮೇಲೆ ಕಾಗೆಗಳು. ಇಷ್ಟು ವರ್ಷ ಅಲ್ಲಿ ಕಾಗೆಗಳಿವೆ ಅನ್ನುವುದೇ ಗೊತ್ತಿರಲಿಲ್ಲ, ಅವತ್ತು ಎಣಿಸಿದೆ, ಹದಿನಾಲ್ಕು. ಮಾಡಲು ಕೆಲಸವಿಲ್ಲದೆ ಕೂಗಾಡುತ್ತಿದ್ದವು. ಒಂದನ್ನಾದರೂ ಹೊಳಲ್ಕೆರೆಗೆ ಅಟ್ಟುವ ಹಾಗಿದ್ದರೆ ನಾನೇ ಬಸ್ಸಿಗೆ ಕೂರಿಸಿ ಟಿಕೆಟು ತೆಗೆಸುತ್ತಿದ್ದೆ.

ಹನ್ನೆರಡಾಯಿತು, ಎರಡಾಯಿತು. ಫೋನು ಬರಲಿಲ್ಲ. ನನಗೆ ಹಸಿವು ಅನ್ನಿಸಲಿಲ್ಲ, ಸಿಟ್ಟು ಬಂತು. ಯಾಕೆ ಬರೆದೆ? ಒಬ್ಬರ ಬಾಯಿ ಕದ್ದು ಇನ್ನೊಬ್ಬರಿಗೆ ಅಂಟಿಸಿದೆ. ಹೋದ ವರ್ಷ ಬಾಯಿಯೇ ಇರಲಿಲ್ಲ, ಅದಕ್ಕೆ ಉಣ್ಣಲಿಲ್ಲ ಅಂದುಕೊಳ್ಳಲು ಒಂದು ಕಾರಣವಾದರೂ ಇತ್ತು. ಈ ವರ್ಷ ಬಾಯಿ ಇದ್ದೂ ಉಣ್ಣಲಿಲ್ಲ ಅಂದರೆ ಆ ಹೆಂಗಸು ಏನಂದುಕೊಳ್ಳಬೇಕು? ಅಕ್ಕನಿಗೆ ತನ್ನ ಮೇಲೆ ಸಿಟ್ಟು ಅಂತಲೇ? ಇದಕ್ಕೇ ನಾನು ಮುಖದ ಗೊಡವೆಗೆ ಹೋಗುತ್ತಿರಲಿಲ್ಲ. ಏನೂ ಬರೆಯದಿದ್ದರೆ ಏನೂ ತಪ್ಪಾಗುವುದಿಲ್ಲ.

ಸಂಜೆ ಆರಕ್ಕೆ ಫೋನು ಬಂತು.

‘ಕಾಗೆ ಬರ್ಲಿಲ್ಲಪ್ಪ,’ ಅಂದರು.

ಇನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ ಅನ್ನಿಸಿತು. ‘ಅಕ್ಕ, ನಾನು ನಿಮಗೆ ಸುಳ್ಳು ಹೇಳಿದೆ. ಅದು ಅವರ ಬಾಯಿ ಅಲ್ಲ. ನೀವು ಉಣ್ತಿದ್ರಲ್ಲ, ನಿಮ್ಮನ್ನ ನೋಡಿ ಬರೆದಿದ್ದು. ನಿಮ್ಮ ಬಾಯಿ ಅದು. ತಪ್ಪಾಯ್ತು.’

‘ಗೊತ್ತಾತು.’

‘ಗೊತ್ತಾಯ್ತಾ?’

‘ಮೂರು ಗಂಟೆ ತಂಕ ಮಾಳಿಗೆ ಮೇಲೆ ಕಾದು ಕೆಳಗಿಳಿದೆ. ಅವಳ ಮುಂದೆ ಕುಂತೆ. ಇದೇನೇ ಏಕಾಂತಿ, ಬಾಯಿ ಹಾಕಿಸ್ಕಂಡು ಬಂದ್ರೂ ಹಟ ಮಾಡ್ತಿಯಲ್ಲೇ ಅಂತ ಬೈದೆ. ಬಜ್ಜಿ ಆರೋಗೈತೇನೋ ಅಂತ ಒಂದು ತಗಂಡು ಬಾಯಿಗಿಟ್ಟೆ. ತಲೆ ಎತ್ತಿದ್ರೆ ಫ್ರೇಮಿನ ಗಾಜಿನಾಗೆ ನನ್ನ ಮುಖ ಕಾಣ್ತಿತ್ತು. ಸರಿಯಾಗಿ ಅವಳ ಮುಖದ ಮೇಲೇ. ನೀವು ಕಣ್ಣು ಮೂಗು ಹಾಕಿರ್ಲಿಲ್ವಲ್ಲ, ಅಲ್ಲಿ ನನ್ನ ಕಣ್ಣು ಕುಂತಿದ್ವು, ನನ್ನ ಮೂಗು ಕುಂತಿತ್ತು. ಬಾಯಿ ಮೇಲೆ ಬಾಯಿ. ನಾನು ಅಗದ್ರೆ ಅವಳೂ ಅಗೀತಿದ್ಲು, ಎಡಗಡೆಗೇ.’

ಅವರ ಮನೆಯಲ್ಲಿ ಬೇರೆ ಯಾವ ಸದ್ದೂ ಇರಲಿಲ್ಲ.

‘ಎಲೆ ಖಾಲಿ ಮಾಡಿದೆ ಕಣಪ್ಪ. ಹೋಳಿಗೆ, ಅನ್ನ, ಬಜ್ಜಿ, ಒಂದೂ ಬಿಡ್ಲಿಲ್ಲ. ಅವಳು ಹೋದ್ಮೇಲೆ ಹೊಟ್ಟೆ ತುಂಬ ಉಂಡಿದ್ದು ಇವತ್ತೇ. ಬಾಯಿ ಎಲ್ಲೂ ಹೋಗಿರ್ಲಿಲ್ಲ, ನನ್ನತ್ರಾನೇ ಬಿಟ್ಟು ಹೋಗಿದ್ಲು. ಕಾಗೆ ಬಂದ್ರೆ ಬರ್ಲಿ, ಬಿಟ್ರೆ ಬಿಡ್ಲಿ.’

ಹ್ಞೂಂ ಅಂದೆ ಅಷ್ಟೇ.

‘ನಿಂದು ಊಟ ಆತೇನಪ್ಪ?’

‘ನೀವು’ ಹೋಗಿ ‘ನೀನು’ ಬಂದದ್ದು ಅವರಿಗೂ ಗೊತ್ತಾಗಲಿಲ್ಲವೇನೋ. ‘ಆಯ್ತಕ್ಕ,’ ಅಂದೆ, ಎಲ್ಲರಿಗೂ ಅನ್ನುವ ಹಾಗೆ.

‘ಏನುಂಡೆ?’

ಊಟ ಆಯಿತೇ ಅಂತ ಈ ಊರಿನಲ್ಲಿ ದಿನಕ್ಕೆ ಹತ್ತು ಜನ ಕೇಳುತ್ತಾರೆ. ಆಯಿತು ಅಂದರೆ ಮುಂದೆ ಹೋಗುತ್ತಾರೆ. ಏನುಂಡೆ ಅಂತ ಒಂಬತ್ತು ವರ್ಷದಿಂದ ಯಾರೂ ಕೇಳಿರಲಿಲ್ಲ. ಒಂದು ಸುಳ್ಳು ಹೇಳಲು ನೋಡಿದೆ. ಅನ್ನ ಸಾರು ಅಂದರೆ ಮುಗಿಯುತ್ತಿತ್ತು. ಗೋಡೆಯ ಮೇಲೆ ನಲವತ್ತು ಫ್ರೇಮಿನ ಜನ ಮುಖವಿಲ್ಲದೆ ಸುಮ್ಮನಿದ್ದರು.

‘ಇಲ್ಲಕ್ಕ,’ ಅಂದೆ. ‘ಬೆಳಿಗ್ಗೆಯಿಂದ ಏನೂ ತಿಂದಿಲ್ಲ.’

‘ನಿನ್ನೆ ಇಟ್ಟು ಬಂದಿದ್ನಲ್ಲ ರೊಟ್ಟಿ?’

‘ಐತೆ.’

‘ತಗ. ಕುಂತ್ಕಂಡು ತಿನ್ನು. ನಾನು ಫೋನ್ ಇಡಲ್ಲ.’

ಹಾಳೆ ಬಿಚ್ಚಿದೆ. ರೊಟ್ಟಿ ಒಣಗಿ ಗಟ್ಟಿಯಾಗಿತ್ತು, ಮುರಿದರೆ ಲಟ್ಟೆಂದಿತು. ಫೋನನ್ನು ಎದುರಿಗೆ, ಒಬ್ಬರು ಕೂರುವ ಜಾಗದಲ್ಲಿ ಇಟ್ಟೆ. ಆ ಕಡೆಯಿಂದ ಅವರ ಉಸಿರು ಕೇಳುತ್ತಿತ್ತು. ನಾನು ಕೊನೆಯ ತುಣುಕಿನವರೆಗೂ ತಿಂದೆ.